ಉಪ್ಪಿನಕಾಯಿ ಕಾರ್ಖಾನೆಯ ಕೆಮಿಕಲ್ ಇಂಜಿನಿಯರು

ಸಾಗರದ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಕೆಮಿಕಲ್ ಇಂಜಿನಿಯರಾಗಿದ್ದರೆ ನಗೆಪಾಟಲಾಗಲು ಬೇರೆ ಕಾರಣವೇ ಬೇಡ, ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಬಿ.ಇ. ಮುಗಿಸಿ, ತಮ್ಮನ ಓದು ಮುಗಿಯುವವರೆಗೆ ಮಾತ್ರ ಎಂದುಕೊಂಡು ತೀರ್ಥಹಳ್ಳಿಯಿಂದ ಬಂದು ಇಲ್ಲಿ ಸೇರಿದವಳು. ಮನಸ್ಸೆಲ್ಲ ಮುಂದಿನ ಓದಿನ ಮೇಲೆ, ಕೈಯೆಲ್ಲ ಮಾವಿನ ಸೊನೆ.

ಬೋರ್ಡು

ಮೊದಲ ದಿನ ಯಜಮಾನ್ತಿ ಅಕ್ಕ ಏನು ಓದಿದ್ದು ಅಂತ ಕೇಳಿದರು. ಕೆಮಿಕಲ್ ಅಂದೆ. ಅವರು 'ಕೆಮಿಕಲ್ ಇಲ್ಲದ ಶುದ್ಧ ಅಪ್ಪೆಮಿಡಿ' ಎಂಬ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅಂದಿನಿಂದ ಗಿರಾಕಿಗಳ ಮುಂದೆ ನಾನು ಅವರ ದೂರದ ನೆಂಟರ ಹುಡುಗಿ.

ಮೂರು ಸಂಬಂಧ

ಒಮ್ಮೆ ಮಾವಿನ ಮಿಡಿ ಆರಿಸುತ್ತ ಕೂತಾಗ ಜೊತೆಯವರಿಗೆ ನನ್ನ ಮುಂದಿನ ದಾರಿಗಳನ್ನು ವಿವರಿಸಿದೆ. ಎಂ.ಟೆಕ್. ಆದರೆ ಎರಡು ವರ್ಷ, ಪಾಠ ಜಾಸ್ತಿ. ಎಂ.ಎಸ್. ಆದರೆ ಸಂಶೋಧನೆ ಜಾಸ್ತಿ. ನೇರ ಪಿಎಚ್.ಡಿ.ಗೂ ಹೋಗಬಹುದು, ಐದು ವರ್ಷವಾದರೂ ಬೇಕು. ಅದರಲ್ಲೂ ಬಯೋಮಾಲಿಕ್ಯುಲರ್, ಅಂದರೆ ಜೀವಕೋಶದೊಳಗಿನ ಅಣುಗಳ ಕೆಲಸ, ನನಗೆ ಬಲು ಇಷ್ಟ.

ಹೊಸನಗರದಿಂದ ಬರುವ ಹಿರಿಯಾಕೆ ಎಲ್ಲ ಕೇಳಿಸಿಕೊಂಡು, "ಐದು ವರ್ಷದ್ದು ಬ್ಯಾಡ ಮಾರಾಯ್ತಿ. ಎರಡು ವರ್ಷದ್ದು ನೋಡು, ಸರಿ ಬರ್ದಿದ್ರೆ ಬಿಟ್ಟು ಬರ್ಬೌದು" ಅಂದಳು. ಗಂಡನ ವಿಷಯದಲ್ಲಿ ತನಗೆ ಯಾರೂ ಇಷ್ಟೆಲ್ಲ ಬಿಡಿಸಿ ಹೇಳಿರಲಿಲ್ಲ ಅಂತಲೂ ಸೇರಿಸಿದಳು.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಸಂಜೆ ಶಿವಮೊಗ್ಗದ ಬಸ್ಸು ಹೊರಟಾಗಲೆಲ್ಲ, ಒಂದು ಬಿಳಿ ಕೋಟು, ಕೂರಲು ಪ್ರಯೋಗಾಲಯದ ಒಂದು ಮೂಲೆ, ಇಷ್ಟು ಸಿಕ್ಕರೆ ಸಾಕಿತ್ತು ಅಂತ ಅದು ಮರೆಯಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದೆ.

ಗುಟ್ಟು

ಅಕ್ಕನಿಗೆ ಉಪ್ಪುನೀರಿನ ಕೋಣೆಯೆಂದರೆ ದೇವರ ಕೋಣೆ. ಮಿಡಿ ವರ್ಷಗಟ್ಟಲೆ ಮೆತ್ತಗಾಗದ, ತಮ್ಮ ಅತ್ತೆಯ ಕಾಲದ ಗುಟ್ಟು ಅಲ್ಲಿದೆ ಅನ್ನುತ್ತ ಸದಾ ಬೀಗ ಹಾಕಿಡುತ್ತಿದ್ದರು.

ತಮ್ಮನಿಗೆ ಕೆಲಸ ಸಿಕ್ಕಿದ್ದೇ ನಾನು ನೇರ ಪಿಎಚ್.ಡಿ.ಗೆ ಅರ್ಜಿ ಹಾಕಿದೆ. ಫೋನಿನಲ್ಲೇ ಸಂದರ್ಶನ. ಸದ್ದಿಲ್ಲದ ಜಾಗ ಆ ಕೋಣೆಯೊಂದೇ. ಅಕ್ಕ ಬೀಗ ತೆಗೆದು, ಬಾಗಿಲಲ್ಲಿ ತಾವೇ ಕಾವಲು ಕೂತರು. ಏನನ್ನು ಸಂಶೋಧಿಸುವ ಆಸೆ ಅಂತ ಪ್ರೊಫೆಸರು ಕೇಳಿದಾಗ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅಪ್ಪೆಮಿಡಿ ಯಾಕೆ ಮೆತ್ತಗಾಗುವುದಿಲ್ಲ ಅಂತ ತಿಳಿಯಬೇಕು ಸರ್ ಅಂದುಬಿಟ್ಟೆ.

"ಅದೊಂದನ್ನ ಹೇಳ್ಬೇಡ" ಅಂತ ಬಾಗಿಲಿಂದ ಅಕ್ಕನ ದನಿ ಬಂತು.

ಪ್ರೊಫೆಸರು ಜೋರಾಗಿ ನಕ್ಕರು. ಇನ್ನು ಮುಗಿಯಿತು ನನ್ನ ಕಥೆ ಅಂದುಕೊಂಡೆ. ಸೀಟು ಸಿಕ್ಕಿತು.

ಹೊರಡುವ ದಿನ ಅಕ್ಕ ಒಂದು ಭರಣಿ ಮಿಡಿ ಕಟ್ಟಿಕೊಟ್ಟರು. ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು ಹತ್ತಿರ ಬಂದರು.

"ಆ ಗುಟ್ಟು ಗೊತ್ತಾದ ಕೂಡ್ಲೆ ಮೊದ್ಲು ನಂಗೇ ಫೋನ್ ಮಾಡು. ನಂಗೂ ಗೊತ್ತಿಲ್ಲ, ನಮ್ಮತ್ತೆಗೂ ಗೊತ್ತಿರ್ಲಿಲ್ಲ."