ಹರಕೆಯ ಹುಂಜಕ್ಕೆ ಐಸ್‌ಕ್ಯಾಂಡಿ ಕಡ್ಡಿ

ದೂಮಪ್ಪನಿಗೆ ಸಿಟ್ಟು ಬಂದದ್ದು ಹುಂಜದ ಕಾಲು ಮುರಿದದ್ದಕ್ಕಲ್ಲ; ಅದನ್ನು ಬಲ್ಮಠದ ಪ್ರಾಣಿಗಳ ಡಾಕ್ಟರಿಗೆ ತೋರಿಸೋಣ ಎಂದು ಮಗಳು ಮೋಕ್ಷಾ ಹೇಳಿದ್ದಕ್ಕೆ. ಮೂವತ್ತು ವರ್ಷ ಮೀನಿನ ಬೋಟಿನಲ್ಲಿ ದುಡಿದು, ನಡುಗಡಲಲ್ಲಿ ಕೆಟ್ಟು ನಿಂತ ಇಂಜಿನನ್ನು ಒಂದು ಸ್ಪ್ಯಾನರ್ ಮತ್ತು ನಾಲ್ಕು ಬೈಗುಳದಲ್ಲಿ ಸರಿಮಾಡಿದ ಮಹಾಪುರುಷ ಆತ. ಈಗ ಬೈಕಂಪಾಡಿಯ ಮನೆಯಲ್ಲಿ ನಿವೃತ್ತ. ರಿಪೇರಿಗೆ ಏನೂ ಸಿಗದೆ ಕೈ ತುರಿಸುತ್ತಿತ್ತು.

"ಕೋಳಿಯ ಕಾಲೆಂದರೆ ಎಂತ? ಒಂದು ಕಡ್ಡಿ, ಒಂದು ಕೀಲು! ಅದಕ್ಕೆ ಡಾಕ್ಟರ್ ಬೇಕಾ ಮಾರಾಯ್ತಿ?"

ಆದರೆ ಇದು ಅಂಥಿಂಥ ಹುಂಜವಲ್ಲ. ಹೆಂಡತಿ ಲಕ್ಷ್ಮೀಯ ಬೆಂಡೋಲೆ ಒಮ್ಮೆ ಮೀನಿನ ಬುಟ್ಟಿಯಲ್ಲಿ ಕಳೆದುಹೋಗಿತ್ತು. ಸಿಕ್ಕಿದರೆ ಮನೆದೈವಕ್ಕೆ ಒಂದು ಹುಂಜ ಕೊಡುತ್ತೇನೆಂದು ಆಕೆ ಹರಕೆ ಹೇಳಿಕೊಂಡಳು. ಓಲೆ ಬಂಗುಡೆಗಳ ನಡುವೆ ಸಿಕ್ಕಿಯೂಬಿಟ್ಟಿತು. ದೈವದ ವರ್ಷದ ಪೂಜೆ ತಂಬಿಲಕ್ಕೆಂದು ಮೀಸಲಿಟ್ಟ ಆ ಹುಂಜ, ಪಕ್ಕದ ಮನೆಯ ಆಟೋದ ಮೇಲೆ ಹತ್ತಿ ಕೂಗುತ್ತಿದ್ದಾಗ ಆಟೋ ಹೊರಟಿತು. ಹುಂಜ ಹೊರಡಲಿಲ್ಲ, ಬಿದ್ದಿತು. ಊನವಿರುವ ಹುಂಜ ದೈವಕ್ಕೆ ಸಲ್ಲುವುದಿಲ್ಲ.

"ತಂಬಿಲಕ್ಕೆ ಇಪ್ಪತ್ತೆರಡು ದಿವಸ ಉಂಟು," ಎಂದಳು ಲಕ್ಷ್ಮೀ. "ನಿಮ್ಮಿಂದ ಆಗದಿದ್ದರೆ ಈಗಲೇ ಹೇಳಿ."

"ಹದಿನೈದೇ ದಿವಸದಲ್ಲಿ ಓಡಿಸ್ತೇನೆ, ನೋಡು!"

ಕಾಲಿಗೆ ಕಟ್ಟಲು ಚಪ್ಪಟೆ ಕಡ್ಡಿ ಬೇಕಿತ್ತು. ಮೋಕ್ಷಾಳ ಐಸ್‌ಕ್ಯಾಂಡಿಗಳು ಫ್ರಿಜ್ಜಿನಲ್ಲಿದ್ದವು. ಶುಗರ್ ಇರುವ ದೂಮಪ್ಪ ಕೇವಲ ಕರ್ತವ್ಯಪ್ರಜ್ಞೆಯಿಂದ ತಿನ್ನತೊಡಗಿದ.

"ಕಾಲು ಒಂದೇ ಅಲ್ವಾ ಮುರಿದದ್ದು?" ಎಂದಳು ಮೋಕ್ಷಾ.

"ಕಡ್ಡಿ ಎರಡು ಬದಿಗೂ ಬೇಕು." (ಮೂರನೆಯದು ಯಾವ ಬದಿಗೆಂದು ಆತ ಹೇಳಲಿಲ್ಲ.)

ಅರಸಿನ, ತೆಂಗಿನೆಣ್ಣೆ ಸವರಿ, ಬಲೆಯ ನೂಲಿನಿಂದ ಕಡ್ಡಿ ಬಿಗಿದು, ಹಳೆಯ ಬಲೆಯ ತುಂಡಿನಲ್ಲಿ ತೊಟ್ಟಿಲು ಮಾಡಿ ರೋಗಿಯನ್ನು ಟಿವಿಯ ಎದುರು ತೂಗುಹಾಕಿದ್ದಾಯಿತು. ಅನ್ನಕ್ಕೆ ಒಣಮೀನಿನ ಪುಡಿ ಕಲಸಿ ಕೈಯಾರೆ ತಿನ್ನಿಸಿದ. ಒಂದು ವಾರದಲ್ಲಿ ಹುಂಜ ಕೆಂಪಣ್ಣನಾಯಿತು.

"ದೈವದ ಸೊತ್ತಿಗೆ ಹೆಸರಿಡಬೇಡಿ ಮಾರಾಯ್ರೆ!" ಎಂದಳು ಲಕ್ಷ್ಮೀ.

"ಹೆಸರಲ್ಲ, ಗುರುತಿಗೆ."

ಆದಿತ್ಯವಾರ ಕೋಳಿಸಾರಿನ ಕೋರಿರೊಟ್ಟಿ ಮಾಡಿದಾಗ, ಕೆಂಪಣ್ಣನಿಗೆ ಕಾಣಬಾರದೆಂದು ಗುರುತಿಟ್ಟ ಯಜಮಾನ ಅಡುಗೆಮನೆಯ ಮೂಲೆಯಲ್ಲಿ ಕುಳಿತು ತಿಂದ. ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಹದಿನೈದು ದಿವಸವಾಯಿತು. ಕೆಂಪಣ್ಣ ಕಾಲೂರಲಿಲ್ಲ. ಹದಿನೇಳನೆಯ ದಿನ ದೂಮಪ್ಪನ ಧೈರ್ಯ ಇಳಿಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಕೈಮುಗಿದ. "ಸ್ವಾಮೀ, ಇವನನ್ನು ಒಂದು ನಡೆಸಿಬಿಡು. ನಿನಗೊಂದು ಹುಂಜ ಕೊಡ್ತೇನೆ."

ಮರುದಿನ ಕಟ್ಟು ಬಿಚ್ಚಿದರೆ, ಕೆಂಪಣ್ಣ ಎರಡೂ ಕಾಲಲ್ಲಿ ನಿಂತು ಕಾರ್ಖಾನೆಯ ಸೈರನ್‌ಗೂ ಕೇಳುವ ಹಾಗೆ ಕೂಗಿದ!

"ನೋಡಿದ್ಯಾ? ಬಲ್ಮಠಕ್ಕೆ ಹೋಗಬೇಕಿತ್ತಂತೆ! ಎಂತ ಕೈಗುಣ ನನ್ನದು! ಒಂದು ಚೂರು ಊನ ಉಂಟಾ?"

"ಇಲ್ಲ," ಎಂದಳು ಲಕ್ಷ್ಮೀ, ಕಾಲನ್ನು ಮುಟ್ಟಿ ನೋಡಿ. "ಒಳ್ಳೆಯದಾಯ್ತು. ಆದಿತ್ಯವಾರದ ತಂಬಿಲಕ್ಕೆ ಸರಿಯಾಯ್ತು."

ದೂಮಪ್ಪ ಬಿಚ್ಚಿದ ಕಟ್ಟನ್ನು ಮತ್ತೆ ಕೈಗೆತ್ತಿಕೊಂಡ. ಹದಿನೆಂಟು ದಿವಸ ಯಾವುದಕ್ಕಾಗಿ ಆರೈಕೆ ಮಾಡುತ್ತಿದ್ದೇನೆ ಎಂಬುದನ್ನೇ ಆತ ಮರೆತಿದ್ದ.

"ಹಾಗೆ ನೋಡಿದರೆ... ಸ್ವಲ್ಪ ಕುಂಟ್ತಾನೆ."

"ಎಲ್ಲಿ?"

"ಒಳಗಿಂದ ಕುಂಟ್ತಾನೆ. ನನ್ನ ಕಟ್ಟು ಸರಿಯಾಗಲಿಲ್ಲ ಮಾರಾಯ್ತಿ. ನಾನೇನು ಡಾಕ್ಟರಾ?"

ಮೂವತ್ತು ವರ್ಷದಲ್ಲಿ ತನ್ನ ರಿಪೇರಿ ಕೆಟ್ಟಿತೆಂದು ಆತ ಒಪ್ಪಿಕೊಂಡದ್ದು ಇದೇ ಮೊದಲು. ಕೃತಘ್ನ ಕೆಂಪಣ್ಣ ಅದೇ ಕ್ಷಣಕ್ಕೆ ಛಂಗನೆ ಪಾಗಾರದ ಗೋಡೆ ಹತ್ತಿದ. ದೂಮಪ್ಪನ ಕಣ್ಣು ಒದ್ದೆಯಾದದ್ದು ಲಕ್ಷ್ಮೀಗೆ ಕಂಡಿತು.

"ಆಯ್ತು. ನಾನು ಹೇಳಿದ್ದು ಒಂದು ಹುಂಜ ಎಂದು, ಇವನೇ ಎಂದು ಅಲ್ಲ. ಮಾರ್ಕೆಟಿಂದ ಗಟ್ಟಿ ಕಾಲಿನದ್ದು ಒಂದು ತನ್ನಿ."

"ಎರಡು ತರಬೇಕು," ಎಂದ ದೂಮಪ್ಪ ನೆಲ ನೋಡುತ್ತಾ.

"ಎರಡು ಯಾಕೆ?"

ತನ್ನ ಗುಟ್ಟಿನ ಹರಕೆಯನ್ನು ಹೇಳಿದ. ಮೋಕ್ಷಾ ನಕ್ಕು ನಕ್ಕು ಕೆಮ್ಮಿದಳು. "ಪಪ್ಪಾ, ಹಾಗಾದರೆ ಕೈಗುಣ ಯಾರದ್ದು?"

ಶನಿವಾರ ದೂಮಪ್ಪ ಠೀವಿಯಿಂದ ಮಾರ್ಕೆಟಿಗೆ ಹೋಗಿ, ಕಾಲು, ಉಗುರು, ರೆಕ್ಕೆ ಎಲ್ಲ ಪರೀಕ್ಷಿಸಿ ("ಕಾಲಿನ ವಿಷಯದಲ್ಲಿ ನನಗೆ ಅನುಭವ ಉಂಟು," ಎಂದನಂತೆ ಅಂಗಡಿಯವನಿಗೆ) ಎರಡು ಊರ ಹುಂಜ ಆರಿಸಿದ. ನಾವಿಕರ ಗಂಟು ಹಾಕಿ ತಾನೇ ಕಾಲು ಬಿಗಿದು, ಸ್ಕೂಟರಿಗೆ ತೂಗಿಸಿಕೊಂಡು ಹೊಂಡಗಳ ಮೇಲೆಲ್ಲ ಹಾರಿಸುತ್ತಾ ಬಂದ.

ಅಂಗಳದಲ್ಲಿ ಗಂಟು ಬಿಚ್ಚಿದ. ಒಂದು ಹುಂಜ ನೆಟ್ಟಗೆ ನಡೆಯಿತು. ಇನ್ನೊಂದು ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ಬಂದು ದೂಮಪ್ಪನ ಚಪ್ಪಲಿಯ ಮೇಲೆ ಕುಸಿದು ಕುಳಿತಿತು.

ಲಕ್ಷ್ಮೀ ಎರಡನ್ನೂ ನೋಡಿದಳು. "ಗಟ್ಟಿ ಇರುವುದು ನನ್ನ ಹರಕೆಗೆ. ಕುಂಟುವುದು ನಿಮ್ಮದು."

ಸೋತರೂ ದೂಮಪ್ಪನ ಸಮಾಧಾನಕ್ಕೆ ಒಂದು ದಾರಿಯಿತ್ತು. ಮೆಲ್ಲನೆ ಒಳಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಕೈಹಾಕಿದ.

"ಅದು ಬೇಡ," ಎಂದಳು ಲಕ್ಷ್ಮೀ ಹಿಂದಿನಿಂದ. "ಕೆಂಪಣ್ಣನ ಕಡ್ಡಿ ತೊಳೆದು ಇಟ್ಟಿದ್ದೇನೆ."