ಪ್ರಭಾರಿ ಫ್ರಿಜ್

ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ, ಅಂದರೆ ಅನಲಾಗ್ ಸಿಂಥಸೈಜರ್ ತಯಾರಿಸುವ ನಮ್ಮ ಸಂಸ್ಥೆಯ ಏಳಿಗೆಗೆ ಮೂಲ ಕಾರಣ ಒಂದು ಫ್ರಿಜ್. ಇದರಲ್ಲಿ ವಿವಾದವಿಲ್ಲ, ಇದ್ದದ್ದನ್ನು ಆಡಳಿತ ಮಂಡಳಿ ಇತ್ಯರ್ಥಪಡಿಸಿದೆ.

ಸಂಸ್ಥೆ ಹುಟ್ಟಿದ್ದು ಮಾಲೀಕರ ಅಕ್ಕನ ಅಡುಗೆಮನೆಯಲ್ಲಿ. ಊಟದ ಮೇಜಿನ ಮೇಲೆ ತಂತಿ ಬೆಸೆದು, ಗುಂಡಿ ಕೂರಿಸಿ, ಕೊನೆಗೆ ಶ್ರುತಿ ಮಾಡುತ್ತಿದ್ದರು. ಶ್ರುತಿಗೊಂದು ಆಧಾರ ಬೇಕಲ್ಲ? ಪಕ್ಕದಲ್ಲೇ ಹಳೆಯ ಫ್ರಿಜ್ ಗುಂಯ್‌ಗುಡುತ್ತಿತ್ತು. ಮಾಲೀಕರ ಕಿವಿ ತಾನಾಗಿಯೇ ಅದಕ್ಕೆ ಹೊಂದಿಕೊಂಡಿತು, ಕಿವಿಯನ್ನು ಅನುಸರಿಸಿ ವಾದ್ಯವೂ. ಆ ಸ್ವರ ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಕೇಳಿದವರೆಲ್ಲ ಕಣ್ಣು ಮುಚ್ಚಿ, ಎಂಥ ಬೆಚ್ಚನೆಯ ನಾದ ಎಂದರು. ಆ ಬಿಸುಪು ಫ್ರಿಜ್ಜಿನಿಂದ ಬಂದದ್ದೆಂದು ಮಾಲೀಕರಿಗೂ ತಿಳಿದಿರಲಿಲ್ಲ.

ಹೆಸರು ಬಂದ ಮೇಲೆ ಹೊಸ ಕಟ್ಟಡವೂ ಬಂತು. ಅಲ್ಲಿ ಸ್ವರ ಅಳೆಯುವ ಮೀಟರ್ ಇಟ್ಟು ಶುದ್ಧ ಶ್ರುತಿ ಮಾಡಲಾಯಿತು. ಕಳಿಸಿದ ವಾದ್ಯಗಳೆಲ್ಲ ವಾಪಸ್ ಬಂದವು. ವಾದ್ಯ ಸರಿಯಾಗಿದೆ, ಅದೇ ನಮ್ಮ ತಕರಾರು ಎಂದು ಗಿರಾಕಿಗಳು ಬರೆದರು. ಹೀಗೇ ನಡೆದರೆ ಕಾರ್ಖಾನೆಗೆ ಬೀಗವೇ ಗತಿ ಎಂದಾಯಿತು. ನಾದ ಎಲ್ಲಿ ಕಳೆಯಿತೆಂದು ಹುಡುಕಲು ನೇಮಿಸಿದ ಸಮಿತಿ, ಚಹಾ ಮುಗಿಸಿ, ಗೋಡೆಗಳ ಬಣ್ಣ ಬದಲಿಸುವಂತೆ ಶಿಫಾರಸು ಮಾಡಿತು. ಬಣ್ಣ ಬದಲಾಯಿತು.

ಕಂಗೆಟ್ಟ ಮಾಲೀಕರು ಅಕ್ಕನ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತರು. ಫ್ರಿಜ್ ಗುಂಯ್ ಎಂದಿತು. ಅವರು ಎದ್ದು ಹೋಗಿ ಅದನ್ನು ತಬ್ಬಿಕೊಂಡರು.

"ಇದನ್ನ ನನಗೆ ಕೊಡಕ್ಕಾ."

"ಹಾಲು ಎಲ್ಲಿಡಲೋ? ನಿನ್ನ ತಲೆ ಮೇಲಾ?"

ಕೊನೆಗೆ ಹಾಲೂ ಫ್ರಿಜ್ಜಿನೊಂದಿಗೆ ಕಾರ್ಖಾನೆಗೆ ಬರುವುದೆಂದು ಒಪ್ಪಂದವಾಯಿತು. ಫ್ರಿಜ್ಜನ್ನು ಮುಖ್ಯ ಶ್ರುತಿ ಅಧಿಕಾರಿಯಾಗಿ ನೇಮಿಸಿ ಸುತ್ತೋಲೆ ಹೊರಟಿತು: "ಶ್ರುತಿ ನಡೆಯುವಾಗ ಸದರಿ ಅಧಿಕಾರಿಗಳ ಬಾಗಿಲು ತೆರೆಯತಕ್ಕದ್ದಲ್ಲ. ಪ್ರತಿದಿನ ಬೆಳಿಗ್ಗೆ ಅವರ ಸುಪರ್ದಿಗೆ ಹಾಲು ಒಪ್ಪಿಸತಕ್ಕದ್ದು." ವ್ಯಾನಿನಿಂದ ಇಳಿಸುವಾಗ ಸದರಿ ಅಧಿಕಾರಿಗಳು ಕೈಜಾರಿ ಕೆಳಗೆ ಬಿದ್ದು, ಶಾಶ್ವತವಾಗಿ ಮೌನ ತಾಳಿದರು.

ಮಾಲೀಕರು ಮೆಟ್ಟಿಲ ಮೇಲೆ ಕೂತು ಅಳತೊಡಗಿದರು. ಹಾಲಿನ ಪಾತ್ರೆ ಹಿಡಿದು ಹಿಂದೆಯೇ ಬಂದಿದ್ದ ಅಕ್ಕ, ಮೊದಲು ಫ್ರಿಜ್ಜನ್ನು, ಆಮೇಲೆ ತಮ್ಮನನ್ನು ನೋಡಿದರು.

"ಅಳಬೇಡ, ಸುಮ್ನಿರು. ಇಷ್ಟು ವರ್ಷ ಇದರ ಸದ್ದು ಕೇಳ್ಕೊಂಡೇ ಮಲಗಿದೀನಿ" ಎಂದು ಬಾಯಿ ಮುಚ್ಚಿ, ಮೂಗಿನಲ್ಲಿ ಗುಂಯ್ ಎಂದರು.

ಅದೇ ಸ್ವರ. ಫ್ರಿಜ್ ನಿಲ್ಲುವಾಗ ಮೈ ಕೊಡವಿಕೊಳ್ಳುತ್ತಿದ್ದ ಆ ಗಡಗಡವನ್ನೂ ಅಕ್ಕ ಬಿಡಲಿಲ್ಲ.

ಆದರೆ ಮಂಜೂರಾದ ಹುದ್ದೆ ಫ್ರಿಜ್ಜಿನದು, ಮನುಷ್ಯರನ್ನು ತುಂಬಲು ಅವಕಾಶವಿಲ್ಲ ಎಂದು ಆಡಳಿತಾಧಿಕಾರಿ ಆಕ್ಷೇಪ ಎತ್ತಿದರು. ಮಾಲೀಕರು ಕೈ ಮುಗಿದರು. ಬಹಳ ಚರ್ಚೆಯ ನಂತರ ಅಕ್ಕನನ್ನು ಪ್ರಭಾರಿ ಫ್ರಿಜ್ ಎಂದು ನೇಮಿಸಲಾಯಿತು.

ಈಗ ವಾದ್ಯಗಳು ಚೆನ್ನಾಗಿ ಮಾರಾಟವಾಗುತ್ತಿವೆ. ಸುತ್ತೋಲೆ ಬದಲಾಗಿಲ್ಲ. ಶ್ರುತಿಯ ವೇಳೆ ಅಕ್ಕ ಬಾಯಿ ತೆರೆಯುವಂತಿಲ್ಲ. ಬೆಳಿಗ್ಗೆ ಕಾವಲುಗಾರ ಹಾಲಿನ ಪಾತ್ರೆ ತಂದು ಅವರ ಮಡಿಲಲ್ಲಿಟ್ಟು ಸೆಲ್ಯೂಟ್ ಹೊಡೆದು ಹೋಗುತ್ತಾನೆ. ಮಧ್ಯಾಹ್ನಕ್ಕೆ ಹಾಲು ಒಡೆದಿರುತ್ತದೆ.

ಹಾಲು ಒಡೆಯಲು ಕಾರಣವೇನೆಂದು ಆಡಳಿತಾಧಿಕಾರಿ ಒಮ್ಮೆ ವಿಚಾರಣೆ ನಡೆಸಿದರು. ಅಕ್ಕ ಗುಂಯ್ ಎಂದರು. ಉತ್ತರ ತೃಪ್ತಿಕರವಾಗಿದ್ದುದರಿಂದ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ.