ಒಂದು ಗೇಣು ಮೆತ್ತೆ

"ಇನ್ಮೇಲೆ ಈ ಶಿವಸ್ವಾಮಿಯ ಕಾರಲ್ಲಿ ಕೂತೋರ ಮೈಮೇಲೆ ಒಂದು ಗೀರೂ ಬೀಳೋ ಹಾಗಿಲ್ಲ! ಗುದ್ದಿದ್ರೂ ಸರಿ, ಗುಂಡಿಗೆ ಬಿದ್ರೂ ಸರಿ, ಒಳಗಿದ್ದೋರು ತೊಟ್ಟಿಲಲ್ಲಿ ಮಲಗಿದ ಹಾಗಿರ್ಬೇಕು!"

ನಂಜನಗೂಡಿನ ಸೊಸೈಟಿಯೊಂದರ ಹೆಡ್ ಕ್ಲರ್ಕ್ ಶಿವಸ್ವಾಮಿಯವರು ತೊಂಬತ್ತೆಂಟನೇ ಇಸವಿಯ ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಕೈಯಲ್ಲಿ ಪೇಪರಿನ ಪುರವಣಿ ಹಿಡಿದು, ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದರು. ಕೇಳಿಸಿಕೊಳ್ಳಲು ಇದ್ದದ್ದು ಅವರ ಹೆಂಡತಿ ನಾಗರತ್ನ ಮತ್ತು ಒಲೆಯ ಮೇಲೆ ಕುದಿಯುತ್ತಿದ್ದ ಸಾರು.

"ಮೊದ್ಲು ಅದರೊಳಗೆ ಕೂತ್ಕೊಳ್ಳೋಕೆ ಯಾರಾದ್ರೂ ಒಪ್ಪಲಿ," ಎಂದರು ನಾಗರತ್ನ.

ಮಾತು ಚುಚ್ಚಿತು. ಚುಚ್ಚದೆ ಏನು ಮಾಡುತ್ತೆ! ತಿಂಗಳ ಹಿಂದೆ ಆಗಿದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಆಮೇಲೆ ನೀವೇ ನ್ಯಾಯ ಹೇಳಿ.

ಶಿವಸ್ವಾಮಿಯವರಿಗೆ ಇರೋಳು ಒಬ್ಬಳೇ ಮಗಳು, ದಿವ್ಯ. ಕೊಟ್ಟಿದ್ದು ಟಿ. ನರಸೀಪುರಕ್ಕೆ. ಹನ್ನೆರಡು ಎಮ್ಮೆ, ಡೇರಿಗೆ ಹಾಲು ಹಾಕುವ ಅನುಕೂಲಸ್ಥ ಮನೆ. ಚೊಚ್ಚಲ ಬಸುರಿ. ಏಳರಲ್ಲಿ ಸೀಮಂತ ಮುಗಿಸಿ ತವರಿಗೆ ಕರೆದು ತರೋಣವೆಂದು ಇವರು ಹೊಸದಾಗಿ ಕೊಂಡಿದ್ದ ಹಳೇ ಕಾರಿನಲ್ಲಿ ಹೋದರು. ಸೊಸೆಯನ್ನು ಬಿಟ್ಟು ಬರಲು ಬೀಗಿತ್ತಿ ಸುಬ್ಬಲಕ್ಷ್ಮಮ್ಮನೂ ಹೊರಟರು. ಬೀಗಿತ್ತಿ ಅಂದಮೇಲೆ ಮುಂದಿನ ಸೀಟೇ ಕೊಡಬೇಕು, ಅದು ಮರ್ಯಾದೆ! ಕೊಟ್ಟರು. ಆಗ ಹುರುಳಿ ಕೊಯ್ಲಿನ ಕಾಲ. ಆ ರಸ್ತೆಯಲ್ಲಿ ನೀವು ಹೋಗಿದ್ದರೆ ಗೊತ್ತಿರುತ್ತೆ. ಸರ್ಕಾರ ಟಾರು ಹಾಕಿಸಿರುವುದೇ ಹುರುಳಿ ಒಕ್ಕಲಿಕ್ಕೆ ಎಂದು ಅಲ್ಲಿಯ ರೈತರ ದೃಢ ನಂಬಿಕೆ. ಗಿಡ ಹರಡುತ್ತಾರೆ, ಸುತ್ತ ಕಲ್ಲಿಡುತ್ತಾರೆ, ಬಸ್ಸು ಲಾರಿಗಳು ಪುಕ್ಕಟೆ ಒಕ್ಕಿಕೊಟ್ಟು ಹೋಗುತ್ತವೆ. ಶಿವಸ್ವಾಮಿಯವರು ಕಲ್ಲು ನೋಡಿ ಬ್ರೇಕ್ ತುಳಿದರು. ಕಾರು ಹುರುಳಿ ಸೊಪ್ಪಿನ ಮೇಲೆ ಸಲೀಸಾಗಿ ಜಾರಿಕೊಂಡು ಹೋಗಿ ಅದೇ ಕಲ್ಲಿಗೆ ಗುದ್ದಿತು. ಹಿಂದೆ ಕೂತಿದ್ದ ದಿವ್ಯಳಿಗೆ ಏನೂ ಆಗಲಿಲ್ಲ. ಮುಂದೆ ಕೂತಿದ್ದ ಬೀಗಿತ್ತಿಯ ಹಣೆ ಮಾತ್ರ ಡ್ಯಾಷ್‌ಬೋರ್ಡಿಗೆ ಬಡಿದು ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತು.

"ತಿರುಗ್ಸಿ ಕಾರ್ನ!" ಎಂದರು ಸುಬ್ಬಲಕ್ಷ್ಮಮ್ಮ. "ನನ್ ಅಣೆನೇ ಉಳಿಸ್ನಿಲ್ಲ, ಇನ್ನ ಇವಳ ವಟ್ಟೆ ಉಳಿಸ್ತೀರಾ? ಬಾಣಂತನ ನಮ್ಮನೇಲೇ ಆಯ್ತದೆ!"

ಚೊಚ್ಚಲ ಬಾಣಂತನ ತವರಲ್ಲಿ ಆಗುವುದಿಲ್ಲವೆಂದರೆ! ಬೀದಿಯವರ ಮಾತು ಒತ್ತಟ್ಟಿಗಿರಲಿ, ಶಿವಸ್ವಾಮಿಯವರಿಗೆ ಒಳಗೇ ಸಂಕಟವಾಯಿತು. ಮಗಳು ಹೋದ ಎರಡು ವರ್ಷದಿಂದ ಮನೆ ಬಿಕೋ ಅನ್ನುತ್ತಿತ್ತು. ಮೊಮ್ಮಗುವಿನ ಮೊದಲ ಅಳು ತಮ್ಮ ಮನೆಯಲ್ಲೇ ಕೇಳಬೇಕೆಂದು ಅವರು ಎಷ್ಟು ಆಸೆ ಇಟ್ಟುಕೊಂಡಿದ್ದರು! ಕೈಮುಗಿದು ಕೇಳಿಕೊಂಡರು. ಕೊನೆಗೆ ಬೀಗಿತ್ತಿ ಒಂದು ಷರತ್ತು ಹಾಕಿದರು.

"ಎಂಟ್ರಲ್ಲಿ ಕಳಿಸಕ್ಕಿಲ್ಲ. ಒಂಬತ್ತಕ್ಕೆ ಬಿದ್ಮೇಕೆ ಬನ್ನಿ. ಕಾರೊಳಗೆ ಕೂತು ಇದೇ ಅಣೆ ತಾಗ್ಸಿ ನೋಡ್ತೀನಿ. ನೋಯ್ನಿಲ್ಲ ಅಂದ್ರೆ ಕಳಿಸ್ತೀನಿ."

ಈಗ ಪುರವಣಿಯಲ್ಲಿ ಪರಿಹಾರ ಸಿಕ್ಕಿತ್ತು! ಹೊರದೇಶದ ಕಾರುಗಳಲ್ಲಿ ತಲೆ, ಮಂಡಿ ತಗಲುವ ಕಡೆಯಲ್ಲೆಲ್ಲ ಮೆತ್ತೆ ಹಾಕಿರುತ್ತಾರಂತೆ. ಗುದ್ದಿದರೆ ಪೆಟ್ಟನ್ನು ಮೆತ್ತೆಯೇ ನುಂಗಿಕೊಳ್ಳುತ್ತದಂತೆ.

"ಸುಮ್ನೆ ಬಸ್ಸಲ್ಲಿ ಕರ್ಕೊಂಡ್ಬಂದ್ರಾಗಲ್ವೇ?" ಎಂದರು ನಾಗರತ್ನ.

"ಕಾರಿರೋ ಅಪ್ಪ ಮಗಳನ್ನ ಬಸ್ಸಲ್ಲಿ ತರೋದಾ? ಏನ್ ಮಾತಾಡ್ತೀಯೇ!"

ಮಾರನೇ ದಿನವೇ ಹಾಸಿಗೆ ಹೊಲಿಯುವ ಮಾರಯ್ಯ ಹತ್ತಿ ಹಿಂಜುವ ಬಿಲ್ಲು ಹೊತ್ತು ಬಂದ. ಅಂಗಳದಲ್ಲಿ ಠೊಂಯ್ ಠೊಂಯ್ ಶುರುವಾಯಿತು. ಹೊಸ ಹತ್ತಿ ಯಾಕೆ, ಮನೆಯಲ್ಲೇ ಬೂರುಗದ ಹತ್ತಿಯ ಹಾಸಿಗೆ ಇದೆಯಲ್ಲ ಎಂದು ನೆಂಟರ ಹಾಸಿಗೆ ಬಿಚ್ಚಿದರು. ಮಾರಯ್ಯ ಎರಡು ಬೆರಳು ದಪ್ಪದ ಮೆತ್ತೆ ಹೊಲಿದು ಡ್ಯಾಷ್‌ಬೋರ್ಡಿಗೆ ಕಟ್ಟಿದ.

ಪರೀಕ್ಷೆ ಆಗದೆ ಒಪ್ಪುವ ಆಸಾಮಿಯೇ ಶಿವಸ್ವಾಮಿ? ಮುಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿಯನ್ನು ಕೂರಿಸಿಕೊಂಡು, ಬೀದಿಯ ತುದಿಯಲ್ಲಿದ್ದ ಹಂಪ್ ಮೇಲೆ ಕಾರು ನುಗ್ಗಿಸಿ ಗಕ್ಕನೆ ಬ್ರೇಕ್ ಹಾಕಿದರು. ಕುಂಬಳಕಾಯಿ ಹೋಳಾಯಿತು. ಜಗಲಿ ಮೇಲೆ ಕೂತಿದ್ದ ಅಕ್ಕಪಕ್ಕದವರು ದೃಷ್ಟಿ ತೆಗೆಯುತ್ತಿದ್ದಾರೆಂದು ತಿಳಿದು ಕೈಮುಗಿದರು.

"ದಪ್ಪ ಸಾಲದು ಮಾರಯ್ಯ! ಒಂದು ಗೇಣು ಮಾಡು!"

"ಒಂದ್ ಗೇಣಾ ಸಾ? ನಾನು ಲಗ್ನದ ಹಾಸಿಗೇನೂ ಅಷ್ಟು ದಪ್ಪ ಒಲ್ದಿಲ್ವಲ್ಲ!"

"ಮಾಡು ಅಂದ್ರೆ ಮಾಡಯ್ಯಾ!"

ಗೇಣು ದಪ್ಪಕ್ಕೆ ನೆಂಟರ ಹಾಸಿಗೆ ಸಾಲಲಿಲ್ಲ. ಯಜಮಾನರ ಹಾಸಿಗೆ ಬಿಚ್ಚಿದರು. ಡ್ಯಾಷ್‌ಬೋರ್ಡಾದ ಮೇಲೆ ಬಾಗಿಲುಗಳು ಬಿಡುತ್ತವೆಯೇ? ನಾಗರತ್ನರ ಹಾಸಿಗೆ ಹೋಯಿತು. ಮುಂದಿನ ಸೀಟಿನ ಬೆನ್ನಿಗೆ, ನೆತ್ತಿಗೆ, ಕಾಲಿಡುವಲ್ಲಿಗೆ ಎಂದು ಅಟ್ಟದ ಮೇಲಿದ್ದ ದೊಡ್ಡ ಹಾಸಿಗೆಯೂ ಇಳಿಯಿತು. ಒಂದು ವಾರದಲ್ಲಿ ಕಾರಿನ ಒಳಗೆ ಕಬ್ಬಿಣ ಅನ್ನುವ ವಸ್ತುವೇ ಕಾಣದಂತಾಯಿತು. ಅದರ ಜೊತೆಗೆ ಗಾಜು ಇಳಿಸುವ ಹಿಡಿ, ಬಾಗಿಲು ತೆಗೆಯುವ ಹಿಡಿ, ಎಷ್ಟು ವೇಗ ಅಂತ ತೋರಿಸುವ ಮುಳ್ಳು ಎಲ್ಲವೂ ಹತ್ತಿಯ ಹಿಂದೆ ಅಂತರ್ಧಾನವಾದವು. ಡ್ರೈವರ್ ಬಾಗಿಲ ಹಿಡಿಗೆ ಮಾತ್ರ ಮಾರಯ್ಯ ಕನಿಕರಪಟ್ಟು ಒಂದು ಕಿಂಡಿ ಬಿಟ್ಟಿದ್ದ.

ಎರಡನೇ ಕುಂಬಳಕಾಯಿ ಮೂರು ಸಲ ಹಂಪ್ ಹಾರಿದರೂ ಒಡೆಯಲಿಲ್ಲ. ಶಿವಸ್ವಾಮಿಯವರು ಅದನ್ನು ಕೂಸಿನಂತೆ ಎತ್ತಿಕೊಂಡು ಒಳಗೆ ಬಂದರು.

"ನೋಡಿದ್ಯಾ! ಒಂದು ಬಿರುಕಿಲ್ಲ!"

"ನೋಡ್ದೆ. ಪಾಪ, ಅದಕ್ಕೇ ಬಾಣಂತನ ಮಾಡ್ಬಿಡೋಣ," ಎಂದರು ನಾಗರತ್ನ.

ಫೆಬ್ರವರಿಯ ಒಂದು ಗುರುವಾರ ದಿನ ಗೊತ್ತಾಯಿತು. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಮಗಳು ನಂಜನಗೂಡಿನ ಹೊಸ್ತಿಲು ದಾಟಬೇಕು. ಗಂಡ ಹೆಂಡತಿ ಹತ್ತು ಗಂಟೆಗೇ ನರಸೀಪುರ ಮುಟ್ಟಿದರು.

ಸುಬ್ಬಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಪರೀಕ್ಷೆಗೆ ಬಂದರು. ಮುಂದಿನ ಸೀಟಿನಲ್ಲಿ ಅಡ್ಡಡ್ಡ ತೂರಿಕೊಂಡು ಕೂತು ಬಾಗಿಲು ಎಳೆದುಕೊಂಡರು. ಆಮೇಲೆ ನೋಡಬೇಕಿತ್ತು ನೀವು! ದೇವರಿಗೆ ನಮಸ್ಕಾರ ಮಾಡುವ ಹಾಗೆ ಹಣೆಯನ್ನು ಡ್ಯಾಷ್‌ಬೋರ್ಡಿಗೆ ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ, ಮೂರನೇ ಸಲ ದಢಾರನೆ ಬಡಿದರು. ತಲೆ ಎತ್ತಿದಾಗ ಮುಖದಲ್ಲಿ ನಗು! ಗಾಜಿನ ಹಿಂದಿನಿಂದಲೇ ತಲೆಯಾಡಿಸಿ ಒಪ್ಪಿಗೆ ಕೊಟ್ಟರು. ಶಿವಸ್ವಾಮಿಯವರ ಕಣ್ಣಲ್ಲಿ ನೀರೇ ಬಂತು.

"ಹತ್ತವ್ವಾ ದಿವ್ಯಾ!"

ದಿವ್ಯ ಹಿಂದಿನ ಬಾಗಿಲಿಗೆ ಬಂದಳು. ನೇರವಾಗಿ ನೋಡಿದಳು, ಹಿಡಿಯಲಿಲ್ಲ. ಓರೆಯಾಗಿ ನೋಡಿದಳು, ಹೊಟ್ಟೆ ತಡೆಯಿತು. ಬೆನ್ನು ತಿರುಗಿಸಿ ನೋಡಿದಳು. ಬಾಗಿಲಿಗೆ ಒಂದು ಗೇಣು, ಮುಂದಿನ ಸೀಟಿಗೆ ಒಂದು ಗೇಣು. ನಡುವೆ ಉಳಿದಿದ್ದ ಜಾಗದಲ್ಲಿ ಒಂದು ಕುಂಬಳಕಾಯಿ ಆರಾಮವಾಗಿ ಕೂರಬಹುದಿತ್ತು.

"ಅಪ್ಪಾ," ಎಂದಳು ದಿವ್ಯ ಸುಸ್ತಾಗಿ, "ನಾನೊಬ್ಳೇ ಆಗಿದ್ರೆ ಹೆಂಗೋ ತೂರ್ಕೊತಿದ್ದೆ. ಇಬ್ರಿದೀವಲ್ಲ."

ಮುಂದಿನ ಸೀಟು ಸ್ವಲ್ಪ ಅಗಲ, ಬೀಗಿತ್ತಿ ಇಳಿದರೆ ಅಲ್ಲಿ ಕೂರಿಸಬಹುದು ಎಂದು ಶಿವಸ್ವಾಮಿಯವರು ಓಡಿಹೋಗಿ ಆ ಬಾಗಿಲು ಎಳೆದರು. ಒಳಗೆ ಗಿಡಿದಿದ್ದ ಹತ್ತಿಗೆ ಬಾಗಿಲು ಕಚ್ಚಿಕೊಂಡಿತ್ತು. ಇನ್ನೂ ಜೋರಾಗಿ ಎಳೆದರು. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ. ಡ್ರೈವರ್ ಕಡೆಯಿಂದ ಎಳೆಯೋಣವೆಂದರೆ ಎರಡು ಸೀಟಿನ ನಡುವೆ ಮಾರಯ್ಯ ಕಟ್ಟಿದ್ದ ಎದೆಮಟ್ಟದ ಮೆತ್ತೆಯ ಗೋಡೆ. ಬೀಗಿತ್ತಿ ಒಳಗಿಂದ ಏನೋ ಕೂಗುತ್ತಿದ್ದರು. ಗಾಜು ಇಳಿಯುವ ಹಾಗಿಲ್ಲ, ಬಾಯಾಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ನಂಜನಗೂಡಿನ ಬಸ್ಸು ಮನೆ ಮುಂದಿನ ಸ್ಟಾಪಿಗೆ ಬಂದು ನಿಂತಿತು. ನಾಗರತ್ನ ಮಗಳ ಕೈ ಹಿಡಿದುಕೊಂಡರು.

"ಅಮ್ಮಾ, ಅತ್ತೆ ಬೇಡ ಅಂತಿರ್ಬೋದು ಕಣಮ್ಮಾ..."

ನಾಗರತ್ನ ಗಾಜಿನ ಕಡೆ ನೋಡಿದರು. ಸುಬ್ಬಲಕ್ಷ್ಮಮ್ಮ ಎರಡೂ ಕೈ ಬೀಸುತ್ತಿದ್ದರು. "ಹೋಗಿಬಾ ಅಂತಿದಾರೆ, ನಡಿ," ಎಂದು ಹೇಳಿ ಮಗಳನ್ನು ಹತ್ತಿಸಿಯೇಬಿಟ್ಟರು. ಕಂಡಕ್ಟರ್ ಮುಂದಿನ ಸೀಟಿನವರನ್ನು ಎಬ್ಬಿಸಿ ಬಸುರಿಗೆ ಜಾಗ ಕೊಟ್ಟ. ಬಸ್ಸು ಹೊರಟೇ ಹೋಯಿತು!

ಕಾರಿನ ಬಾಗಿಲ ಗುಟ್ಟು ಬಲ್ಲ ಮೇಸ್ತ್ರಿ ಚಿಕ್ಕಬಸಪ್ಪ ಇರುವುದು ನಂಜನಗೂಡಿನಲ್ಲಿ. ಬೇರೆ ದಾರಿಯಿಲ್ಲದೆ ಶಿವಸ್ವಾಮಿಯವರು ಬೀಗಿತ್ತಿಯನ್ನು ಕೂರಿಸಿಕೊಂಡೇ ಹೊರಟರು. ಮೊದಲ ಎರಡು ಮೈಲಿ ಅವರು ತಿಂದ ಬೈಗುಳ ದೇವರಿಗೇ ಪ್ರೀತಿ. ಮೂರನೇ ಮೈಲಿಗೆ ಬೈಗುಳ ಗೊಣಗಾಟವಾಯಿತು, ನಾಲ್ಕನೆಯದಕ್ಕೆ ಗೊರಕೆಯಾಯಿತು. ಸುತ್ತಲೂ ಬೂರುಗದ ಹತ್ತಿ, ಬೆಚ್ಚನೆ ಬಿಸಿಲು, ಯಾರಿಗೆ ತಾನೇ ನಿದ್ದೆ ಬರುವುದಿಲ್ಲ?

ಮುಂದೆ ರಸ್ತೆ ತುಂಬ ಹುರುಳಿ. ಅದರಂಚಿಗೆ ಕಲ್ಲು. ಬ್ರೇಕ್ ತುಳಿದರು, ಕಾರು ಜಾರಿತು, ಧಡ್ ಎಂದು ಗುದ್ದಿತು. ಸುಬ್ಬಲಕ್ಷ್ಮಮ್ಮ ಮುಂದಕ್ಕೆ ಹಾರಿ, ಮೆತ್ತೆಯಲ್ಲಿ ಕಿವಿಯವರೆಗೆ ಹುದುಗಿ, ಮೆಲ್ಲಗೆ ಸೀಟಿಗೆ ವಾಪಸ್ ಬಂದರು. ಗೊರಕೆ ನಿಲ್ಲಲಿಲ್ಲ! ಹಣೆಯ ಮೇಲೆ ಒಂದು ಗೆರೆಯಿಲ್ಲ!

"ಅಮ್ಮಾವ್ರೇ! ನೋಡಿದ್ರಾ? ಏನೂ ಆಗ್ಲಿಲ್ಲ! ಎದ್ದೇಳಿ, ನೋಡಿ!" ಶಿವಸ್ವಾಮಿಯವರು ಅಂಗಲಾಚಿದರು. ಬೀಗಿತ್ತಿ ಮಗ್ಗುಲು ಬದಲಾಯಿಸಿದರು, ಅಷ್ಟೆ. ಲೋಕದ ಎದುರು ಆಗಬೇಕಾಗಿದ್ದ ಗೆಲುವಿಗೆ ಹುರುಳಿ ಕಾಯುತ್ತಿದ್ದ ಒಂದು ನಾಯಿ ಸಾಕ್ಷಿಯಾಯಿತು.

ಮನೆ ಮುಟ್ಟಿದಾಗ ಒಂದು ಗಂಟೆ. ದಿವ್ಯ ಆಗಲೇ ಬಂದು ಜಗಲಿಯಲ್ಲಿ ಕಾಲು ಚಾಚಿ ಮಜ್ಜಿಗೆ ಕುಡಿಯುತ್ತಿದ್ದಳು. ಮಗಳು ತಮ್ಮ ಜಗಲಿಯಲ್ಲಿ! ಹೇಗೆ ಬಂದರೇನು, ಬಂದಳಲ್ಲ ಎಂದು ಶಿವಸ್ವಾಮಿಯವರ ಎದೆ ತುಂಬಿತು. ಚಿಕ್ಕಬಸಪ್ಪ ಹಾರೆ ಹಾಕಿ ಬಾಗಿಲು ಮೀಟಿದ. ಸುಬ್ಬಲಕ್ಷ್ಮಮ್ಮ ಆಕಳಿಸುತ್ತ ಇಳಿದರು.

"ಆರೇಳು ವರ್ಸದಿಂದ ಇಂಥ ನಿದ್ದೆ ಬಂದಿರ್ನಿಲ್ಲ ಕಣ್ರೀ," ಎಂದು ಮೈ ಮುರಿದು ನೇರ ಒಳಗೆ ಹೋದರು. ಸೊಸೆಗೆ ಯಾವ ಕೋಣೆ ಎಂದು ನೋಡಬೇಕಲ್ಲ. ಕೋಣೆ ಗುಡಿಸಿತ್ತು, ಸಾರಿಸಿತ್ತು. ನೆಲದ ಮೇಲೆ ಒಂದು ಚಾಪೆ ಇತ್ತು.

"ಆಸಿಗೆ ಎಲ್ಲಿ ಬೀಗ್ರೇ?"

ಶಿವಸ್ವಾಮಿಯವರು ಕಿಟಕಿಯಾಚೆ ನೋಡಿದರು.

"ಕಾರಲ್ಲಿದೆ," ಎಂದರು ನಾಗರತ್ನ. "ಮನೇಲಿದ್ದ ನಾಲ್ಕೂ ಅದರಲ್ಲೇ ಇವೆ."

"ತುಂಬಿದ್ ಬಸ್ರಿನ ಬರೀ ನೆಲದ್ ಮೇಲೆ ಮಲಗಿಸ್ತೀರಾ? ದಿವ್ಯಾ, ಏಳವ್ವಾ! ಓಗೋವಾ ನಮ್ಮನೆಗೆ!"

ಶಿವಸ್ವಾಮಿಯವರ ಜೀವ ಬಾಯಿಗೆ ಬಂತು. ಬಂದ ಮಗಳು ಕಣ್ಣೆದುರಿಗೇ ವಾಪಸ್ಸು ಹೋಗುವುದೇ! "ಒಂದ್ನಿಮಿಷ ಅಮ್ಮಾವ್ರೇ, ಒಂದೇ ನಿಮಿಷ!" ಎನ್ನುತ್ತ ಶೇವಿಂಗ್ ಬ್ಲೇಡು ಹಿಡಿದು ಕಾರಿಗೆ ಓಡಿದರು. ತಮ್ಮ ಕೈಯಾರೆ ಡ್ಯಾಷ್‌ಬೋರ್ಡಿನ ಹೊಟ್ಟೆ ಸೀಳಿದರು. ಬಾಗಿಲು ಸೀಳಿದರು, ನೆತ್ತಿ ಸೀಳಿದರು. ಅಂಗಳದಲ್ಲಿ ಹತ್ತಿಯ ಗುಡ್ಡ ಎದ್ದಿತು. ಮಾರಯ್ಯ ಮತ್ತೆ ಬಿಲ್ಲು ಹೊತ್ತು ಬಂದ. ಹಾರಿಹೋದದ್ದು, ಹರಿದದ್ದು, ಗ್ರೀಸ್ ಮೆತ್ತಿದ್ದು ಎಲ್ಲ ಕಳೆದು, ನಾಲ್ಕು ಗಂಟೆಯ ಹೊತ್ತಿಗೆ ಎರಡು ಹಾಸಿಗೆ, ಒಂದು ದಿಂಬಿಗೆ ಹತ್ತಿ ಉಳಿಯಿತು.

ಒಂದು ಹಾಸಿಗೆಯ ಮೇಲೆ ದಿವ್ಯ ಒರಗಿದಳು. ಎರಡನೆಯದರ ಮೇಲೆ ಸುಬ್ಬಲಕ್ಷ್ಮಮ್ಮ ಅಂಗೈ ಊರಿ ಅದುಮಿ ನೋಡಿ, ಸಮಾಧಾನವಾಗಿ ಚಕ್ಕಂಬಟ್ಟಲು ಹಾಕಿ ಕೂತರು.

"ಅಮ್ಮಾವ್ರೇ, ಹೊತ್ತು ಮುಳುಗೋದ್ರೊಳಗೆ ನಿಮ್ಮನ್ನ ನರಸೀಪುರಕ್ಕೆ ಬಿಟ್ಟು ಬರ್ತೀನಿ," ಎಂದರು ಶಿವಸ್ವಾಮಿ ವಿನಯದಿಂದ.

"ಯಾವ್ದರಲ್ಲಿ? ಆ ಬರೀ ತಗಡಿನ್ ಕಾರಲ್ಲಾ? ನನ್ ಅಣೆ ಬಿಟ್ಟಿ ಬಿದ್ದಿಲ್ಲ ಬೀಗ್ರೇ."

"ಹಂಗಾದ್ರೆ ಬಸ್ಸು..."

"ಬಸ್ಸು ಅತ್ತಿದ್ರೆ ನಂಗೆ ವಾಂತಿ ಆಯ್ತದೆ. ಬ್ಯಾಡ ಬುಡಿ. ಎರಿಗೆ ಆಗ್ಲಿ, ಕೂಸಿಗೆ ಮೂರು ತಿಂಗ್ಳು ತುಂಬ್ಲಿ. ಎಲ್ರೂ ಒಟ್ಗೇ ಓಯ್ತೀವಿ. ಅಲ್ಲೀಗಂಟ ಇಲ್ಲೇ ಇರ್ತೀನಿ."

ಶಿವಸ್ವಾಮಿಯವರು ಬೆರಳು ಮಡಿಚಿ ಎಣಿಸಿದರು. ಜೂನ್! ಮೆಲ್ಲಗೆ ಕೇಳಿದರು, "ಅಲ್ಲಮ್ಮಾ... ಹನ್ನೆರಡು ಎಮ್ಮೆ... ಹಾಲು ಕರೆಯೋರು ಯಾರು?"

"ನಮ್ ಆಳು ನಿಂಗರಾಜು ಅವ್ನೆ. ನೀವ್ಯಾಕೆ ಯೋಚ್ನೆ ಮಾಡೀರಿ?" ಎಂದು ಸುಬ್ಬಲಕ್ಷ್ಮಮ್ಮ ಕಾಲು ನೀಡಿಕೊಂಡರು. "ಆ ದಿಂಬು ಇತ್ಲಾಗೆ ಕೊಡಿ."

ಶಿವಸ್ವಾಮಿಯವರು ದಿಂಬು ಕೊಟ್ಟರು.